ಬಿಲ್ವಿಕೊಪ್ಪದ ಶೇಕಡಾ ನಲವತ್ತೊಂದು

ನವೆಂಬರ್ 3, ಸೋಮವಾರ

ಹಿರೇಕೆರೂರು ಮುಗಿಯಿತು. ಶಿಗ್ಗಾವಿ, ಸವಣೂರು ಹೋದ ತಿಂಗಳೇ ಮುಗಿದಿದ್ದವು. ಉಳಿದದ್ದು ನಮ್ಮ ಹಾನಗಲ್ ತಾಲೂಕು. ಬೇಕೆಂತಲೇ ಕೊನೆಗೆ ಇಟ್ಟುಕೊಂಡೆ. ಪರವೂರಿನವರು ಸುಳ್ಳು ಹೇಳಿದರೆ ತಡವಾಗಿ ತಿಳಿಯುತ್ತದೆ. ನಮ್ಮವರದ್ದು ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ.

ನಾಲ್ಕು ತಾಲೂಕು ತಿರುಗಿ ಒಂದೇ ಪ್ರಶ್ನೆ ಕೇಳುವುದು ನನ್ನ ಕೆಲಸ. ಹೋದ ವರ್ಷ ನೀವು ದುಡಿದದ್ದರಲ್ಲಿ ಎಷ್ಟು ಪಾಲನ್ನು ಬಾಳಿಕೆ ಬರುವ ವಸ್ತುವಿಗೆ ಹಾಕಿದಿರಿ? ಬಾವಿ, ಪಂಪು, ದನದ ಶೆಡ್ಡು, ಯಂತ್ರ, ಗೋಡೆ. ಉಂಡದ್ದು, ಉಟ್ಟದ್ದು, ಮದುವೆಗೆ ಸುಟ್ಟದ್ದು ಲೆಕ್ಕಕ್ಕಿಲ್ಲ. ನನ್ನನ್ನು ನೇಮಿಸಿದ ಸಂಶೋಧನಾ ಕೇಂದ್ರದವರು ಇದಕ್ಕೆ ‘ಸ್ಥಿರ ಬಂಡವಾಳ ಹೂಡಿಕೆಯ ಪ್ರಮಾಣ’ ಅನ್ನುತ್ತಾರೆ. ಜನ ‘ಏನೋ ಕೇಳಾಕ ಬಂದಾರ, ಬಾಗಲ ಹಾಕ’ ಅನ್ನುತ್ತಾರೆ.

ಶಿಗ್ಗಾವಿಯಲ್ಲಿ ನೂರಕ್ಕೆ ಹನ್ನೆರಡು ಬಂತು. ಹಿರೇಕೆರೂರಿನಲ್ಲಿ ಹದಿಮೂರು. ಸವಣೂರಿನಲ್ಲಿ ಎಲೆತೋಟದವರ ಪುಣ್ಯದಿಂದ ಹದಿನಾಲ್ಕು. ಯಾರೂ ಪೂರ್ತಿ ನಿಜ ಹೇಳಿರಲಿಕ್ಕಿಲ್ಲ, ಆದರೆ ಎಲ್ಲರೂ ಒಂದೇ ಅಳತೆಯಲ್ಲಿ ಸುಳ್ಳು ಹೇಳಿದ್ದಾರೆ. ಸಂಖ್ಯಾಶಾಸ್ತ್ರಕ್ಕೆ ಅಷ್ಟು ಸಾಕು.

ಈ ಸುತ್ತು ಸರಿಯಾಗಿ ಮುಗಿದರೆ ಮುಂದಿನ ವರ್ಷದ್ದೂ ನನಗೇ. ನಾನು ಕಲಿಸುತ್ತಿದ್ದ ಶಾಲೆ ಬಾಗಿಲು ಹಾಕಿ ಎರಡು ವರ್ಷವಾಯಿತು. ಮದುವೆ ಆಗಲಿಲ್ಲ, ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನ ಗುಳಿಗೆಗಳೂ ನನ್ನ ಅನ್ನವೂ ಈ ಪ್ರಶ್ನೆಗಳ ನಮೂನೆಗಳ ಮೇಲೆ ನಿಂತಿವೆ.

ನವೆಂಬರ್ 6, ಗುರುವಾರ

ಬಿಲ್ವಿಕೊಪ್ಪ. ಇಪ್ಪತ್ತನಾಲ್ಕು ಮನೆ ಕೇಳಬೇಕು. ಇವತ್ತು ಹದಿಮೂರು ಆದವು.

ಈ ಊರಿನ ಮೇಲೆ ಅನುಮಾನ ಬಂದದ್ದು ಮೊದಲನೇ ಮನೆಯ ಚಹಾದಿಂದ. ಬೇರೆ ಊರುಗಳಲ್ಲಿ ನೀರು ಕೇಳಿದರೆ ನಳ ತೋರಿಸುತ್ತಾರೆ. ಇಲ್ಲಿ ಕುರ್ಚಿ ಒರೆಸಿದರು. ಚಹಾದ ಜೊತೆ ಶೇವು ಬಂತು, ಎರಡನೇ ಮನೆಯಲ್ಲಿ ಉಪ್ಪಿಟ್ಟು, ಮೂರನೆಯದರಲ್ಲಿ ಉಪ್ಪಿಟ್ಟಿನ ಮೇಲೆ ಗೋಡಂಬಿ. ಏನನ್ನೋ ಮುಚ್ಚಿಡುವವರು ಮಾತ್ರ ಸಮೀಕ್ಷೆಯವಳಿಗೆ ಗೋಡಂಬಿ ಹಾಕುತ್ತಾರೆ.

ಆಮೇಲೆ ಆ ಹುಡುಗರು. ಎಲ್ಲರೂ ಮೂವತ್ತರ ಆಚೀಚೆ. ಹೊಲದಿಂದ ಬಂದೆ ಅನ್ನುತ್ತಾರೆ, ಮೈಮೇಲೆ ಇಸ್ತ್ರಿ ಅಂಗಿ. ಇಸ್ತ್ರಿ ಗೀರು ಮುರಿಯದ ಹಾಗೆ ಗೋವಿನಜೋಳ ಮುರಿಯುವ ವಿದ್ಯೆ ಈ ಊರಿಗೆ ಮಾತ್ರ ಗೊತ್ತಿರಬೇಕು.

ಹೊನ್ನವ್ವ ಎಂಬ ಅಜ್ಜಿಯ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮುಂದೆ ಬೇಕಾಗಬಹುದು.

“ಕುಂತ್ರಿ ಬಾಯಾರ. ಹಾನಗಲ್ಲಿನ್ಯಾಗ ಯಾರ ಪೈಕಿ ನೀವು?”

“ಅದು ಬ್ಯಾಡ ಬಿಡ್ರಿ ಅಜ್ಜಿ. ಹೊಲ ಎಷ್ಟೈತಿ ಹೇಳ್ರಿ.”

“ಹೊಲ ಐದೆಕರೆ, ಎಲ್ಲಾ ನೀರಾವರಿ. ಮನಿ ಆರ್‌ಸಿಸಿ. ಸಂಡಾಸ ಒಳಗ ಐತಿ, ರಾತ್ರಿ ಹೊರಗ ಹೋಗೂ ಕೆಲಸ ಇಲ್ಲ. ನಮ್ಮ ಲೋಹಿತ ಎಲಿ ಅಡಿಕಿ ಸೈತ ಹಾಕೂದಿಲ್ಲ.”

“ಮೊಮ್ಮಗನ ಚಟ ನಮೂನೆಯೊಳಗ ಕೇಳಿಲ್ರಿ.”

“ಕೇಳಲಿಲ್ಲಂದ್ರೂ ನಾವು ಹೇಳಬೇಕಲ್ರಿ.”

ಏಳನೇ ಪ್ರಶ್ನೆ ಕುಟುಂಬದ ವಿವರ: ಮನೆಯಲ್ಲಿ ಮದುವೆಯಾಗದ ವಯಸ್ಕರೆಷ್ಟು? ಅದನ್ನು ಓದಿದ ಕೂಡಲೆ ಇಡೀ ಮನೆ ನೆಟ್ಟಗೆ ಕೂತಿತು. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. “ಒಬ್ಬಾಂವ ರಿ,” ಅಂದಳು ಹೊನ್ನವ್ವ, ದೇವರ ಮುಂದೆ ಕಾಯಿ ಒಡೆಯುವವರ ದನಿಯಲ್ಲಿ.

ಎಲ್ಲ ಮನೆಯಲ್ಲೂ ಹೀಗೆಯೇ. ಕೇಳಿದ್ದು ಆಸ್ತಿ, ಹೇಳಿದ್ದು ಜಾಸ್ತಿ.

ನವೆಂಬರ್ 7, ಶುಕ್ರವಾರ

ಉಳಿದ ಹನ್ನೊಂದು ಮನೆ ಮುಗಿಸಿದೆ.

ಎರಡೂ ದಿನದ್ದು ಕೂಡಿ ನೋಡಿದರೆ ಹನ್ನೊಂದು ಮನೆಯವರು ‘ಹೊಸ ಕಣ ಕಟ್ಟಿಸೇವ್ರಿ’ ಅಂದಿದ್ದಾರೆ. ಸಿಮೆಂಟಿನ ಕಣ, ಕಾಳು ಒಣಗಿಸಲಿಕ್ಕೆ. ಉಳಿದ ಊರುಗಳಲ್ಲಿ ಗೋವಿನಜೋಳ ಡಾಂಬರು ರಸ್ತೆಯ ಮೇಲೆ ಒಣಗುತ್ತದೆ, ಬಸ್ಸುಗಳು ಅದನ್ನು ಪುಕ್ಕಟೆ ಒಕ್ಕುತ್ತವೆ. ಇಲ್ಲಿ ಮನೆಗೊಂದು ಕಣ. ಬೆಲೆ ಒಬ್ಬೊಬ್ಬರು ಒಂದೊಂದು ಹೇಳಿದರು, ಒಂದೂವರೆ ಲಕ್ಷದಿಂದ ಎರಡು ಲಕ್ಷದವರೆಗೆ.

ಎದುರಿಗೆ ಕಾಣಿಸದ ಆಸ್ತಿಯನ್ನು ನಂಬುವವಳಲ್ಲ ನಾನು. ನೋಡಬೇಕು ಅಂದೆ. ಲೋಹಿತ ಬೈಕಿನಲ್ಲಿ ಕರೆದುಕೊಂಡು ಹೋದ. ಊರ ಹೊರಗೆ ಅರವತ್ತಡಿ ಉದ್ದ, ನಲವತ್ತಡಿ ಅಗಲ, ಸುತ್ತ ಫರಸಿ ಕಲ್ಲಿನ ಅಂಚು. ಗಟ್ಟಿ ಕೆಲಸ. ಒಪ್ಪಬೇಕಾದದ್ದೇ.

“ಉಳಿದವರ ಕಣ?”

“ಎಲ್ಲಾ ಇಂಥಾದ ರಿ ಬಾಯಾರ,” ಅಂದ, ಹೆಬ್ಬೆರಳಿನಿಂದ ನೆಲ ಕೆರೆಯುತ್ತ.

ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಕಣ ಇನ್ನೊಂದು ಕಣದ ಹಾಗೆಯೇ ಇರುತ್ತದೆ. ಹನ್ನೊಂದೂ ನಮೂನೆಯಲ್ಲಿ ‘ಕಣ್ಣಾರೆ ನೋಡಿದ್ದೇನೆ’ ಎಂಬಲ್ಲಿ ಟಿಕ್ ಹಾಕಿದೆ.

ಕೊನೆಯ ಮನೆಯವನ ಬಗ್ಗೆ ಎಚ್ಚರಿಕೆಯಿಂದ ಬರೆಯಬೇಕು. ಹೆಸರು ಉಳವಪ್ಪ, ವಯಸ್ಸು ನಲವತ್ತೆಂಟು, ಒಬ್ಬನೇ. ನಾಲ್ಕೆಕರೆ ಕಬ್ಬು, ಗೋವಿನಜೋಳ, ಎರಡು ಎಮ್ಮೆ. ವರ್ಷದ ಆದಾಯ ಐದು ಲಕ್ಷ ಇಪ್ಪತ್ತು ಸಾವಿರ. ತಂಗಿಯರ ಹಬ್ಬ ಹುಣ್ಣಿಮೆ ಸೇರಿ ಎಲ್ಲ ಖರ್ಚು ಎರಡು ಲಕ್ಷ ಹತ್ತು ಸಾವಿರ. ಬ್ಯಾಂಕಿನಲ್ಲಿ ಏನೂ ಇಲ್ಲ.

“ಹೊಸದೇನರ ಕಟ್ಟಿಸಿದ್ರೇನು?”

“ಇಲ್ರಿ.”

“ತಗೊಂಡ್ರೇನು?”

“ಇಲ್ರಿ.”

“ಮದಿವಿ ಆಗದವರು?”

“ನಾನ ಒಬ್ಬಾಂವ. ಇಬ್ಬರು ತಂಗ್ಯಾರದು ಮಾಡೂದ್ರಾಗ ನಂದು ಮರತಹೋತು. ವಯಸ್ಸು ಮೀರೇತಿ, ಬರಕೊಂಡು ಶಾಯಿ ಯಾಕ ಖರ್ಚು ಮಾಡ್ತೀರಿ.”

ನಗುತ್ತಲೇ ಹೇಳಿದ. ನಗುತ್ತ ಲೆಕ್ಕ ಕೊಡುವವರನ್ನು ನಾನು ನಂಬುವುದಿಲ್ಲ. ಮೂರು ಲಕ್ಷ ಹತ್ತು ಸಾವಿರ ಎಲ್ಲಿ ಹೋಯಿತು? ನಮೂನೆಯಲ್ಲಿ ಸೊನ್ನೆ, ಮಾತಿನಲ್ಲಿ ಬೆಣ್ಣೆ.

ತಿನ್ನಲು ಏನೂ ಕೊಡದ ಮನೆ ಅದೊಂದೇ. ಬರೀ ಚಹಾ. ಆದರೆ ಶುಂಠಿ ಹಾಕಿ ಒಳ್ಳೆ ಮಾಡಿದ್ದ.

ನವೆಂಬರ್ 12, ಬುಧವಾರ

ಹಾವೇರಿಯಿಂದ ಶ್ರೀಪಾದ ಸರ್ ಫೋನು. ಕೇಂದ್ರದ ಕಡೆಯಿಂದ ನಮ್ಮ ಮೇಲ್ವಿಚಾರಕರು. ಸಿಟ್ಟು ಬಂದಷ್ಟೂ ದನಿ ಮೆತ್ತಗಾಗುವ ಜಾತಿ.

“ಶೀಲಾ ಅವರ, ಬಿಲ್ವಿಕೊಪ್ಪ ಹಾನಗಲ್ ತಾಲೂಕಿನ್ಯಾಗ ಅದನೋ, ಸಿಂಗಾಪುರದಾಗ ಅದನೋ?”

“ಹಾನಗಲ್ಲಿನ್ಯಾಗ ಸರ್. ದಿನಕ್ಕ ನಾಕ ಬಸ್ಸು.”

“ನಲವತ್ತೊಂದು ಪರ್ಸೆಂಟ್ ಬಂದದ. ದೇಶಕ್ಕ ದೇಶನ ಹೂಡೂದು ಮೂವತ್ತರ ಆಸುಪಾಸು. ನಿಮ್ಮ ಇಪ್ಪತ್ತನಾಲ್ಕು ಮನಿ ಮಂದಿ ಊಟಾ ಬಿಟ್ಟು ಸಿಮೆಂಟ್ ತಿಂತಾರೇನು?”

“ಅವರು ಹೇಳಿದ್ದನ್ನ ಬರದೇನಿ ಸರ್.”

“ಹೇಳಿದ್ದನ್ನ ಬರದ್ರೋ, ಮನ್ಯಾಗ ಕೂತು ಬರದ್ರೋ? ಬ್ಯಾರೆಯವರು ಕೇಳ್ತಾರ, ನಾ ಅಲ್ಲ. ಇಪ್ಪತ್ತೆಂಟರೊಳಗ ಕಾರಣ ಬೇಕು. ಇಲ್ಲಾಂದ್ರ ನಾಲ್ಕೂ ತಾಲೂಕಿಂದು ರದ್ದು, ಮುಂದಿನ ಸುತ್ತೂ ಇಲ್ಲ.”

ಶೇಕಡಾ ನಲವತ್ತು, ಮೇಲೊಂದು ಆಪತ್ತು.

ಇಪ್ಪತ್ತನಾಲ್ಕು ನಮೂನೆ ಮತ್ತೆ ತೆಗೆದು ಕೂತೆ. ಒಂದೇ ಕಡೆ ಬೆರಳು ನಿಲ್ಲುತ್ತದೆ. ಉಳವಪ್ಪ. ಇಡೀ ಊರು ಹೂಡಿದೆ ಅನ್ನುತ್ತದೆ, ಇವನೊಬ್ಬ ಇಲ್ಲ ಅನ್ನುತ್ತಾನೆ. ಇವನ ಗಂಟು ಬಿಚ್ಚಿದರೆ ಊರಿನ ಗಂಟು ಬಿಚ್ಚುತ್ತದೆ.

ನವೆಂಬರ್ 14, ಶುಕ್ರವಾರ

ಪೇಟೆಯಲ್ಲಿ ಉಳವಪ್ಪ ಕಂಡ. ತಾಡಪತ್ರಿ ಅಂಗಡಿಯಲ್ಲಿ. ಒಂದಲ್ಲ, ಐದು ತಗೊಂಡ, ದೊಡ್ಡವು. ನಾಲ್ಕೆಕರೆಯವನಿಗೆ ಐದು ತಾಡಪತ್ರಿ! ಮುಚ್ಚುವುದು ಏನೋ ದೊಡ್ಡದೇ ಇರಬೇಕು.

ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸಿದೆ. ತಕ್ಕಡಿ ಅಂಗಡಿ ಹತ್ತಿರ ಥಟ್ಟನೆ ತಿರುಗಿದ.

“ಬಾಯಾರ, ಆವಾಗಿಂದ ಬರಾಕತ್ತೀರಿ. ಕೈಚೀಲ ಭಾರ ಐತೇನು, ಹಿಡೀಲೇನು?”

ಅವನ ಎರಡೂ ಕೈಯಲ್ಲಿ ತಾಡಪತ್ರಿ ಇದ್ದವು. ಮೂರನೇ ಕೈ ಎಲ್ಲಿಂದ ತರುತ್ತಿದ್ದನೋ. ಹಗುರ ಐತಿ ಅಂದು ಬಂದುಬಿಟ್ಟೆ.

ನವೆಂಬರ್ 17, ಸೋಮವಾರ

ಬಿಲ್ವಿಕೊಪ್ಪಕ್ಕೆ ಹೋಗಿ ಉಳವಪ್ಪನನ್ನು ನೇರ ಕೇಳಿದೆ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

“ಐದು ಲಕ್ಷ ಇಪ್ಪತ್ತು ಬಂತು. ಎರಡು ಲಕ್ಷ ಹತ್ತು ಹೋತು. ಉಳದದ್ದೆಲ್ಲಿ?”

“ಹಿಂಗ ನಮ್ಮವ್ವ ಕೇಳ್ತಿದ್ಲು. ಆಕಿ ಹೋದ ಮ್ಯಾಲ ನೀವ ಮದಲು.”

“ಮಟಕಾ ಆಡ್ತೀರೇನು?”

“ಇಲ್ರಿ. ನಸೀಬಕ್ಕೂ ನನಗೂ ಮಾತುಕತಿ ಇಲ್ಲ.”

“ಕುಡಿತ?”

“ಚಾ. ದಿನಾ ಐದು ಸಲ.”

“ಮತ್ತ ಯಾರರ...”

“ಯಾರರ ಅಂದ್ರ?”

“ಯಾರಿಗರ ಕೈಗಡ ಕೊಟ್ಟೀರೇನು ಅಂತ.”

“ಇಷ್ಟು ಕೇಳಾಕ ಅಷ್ಟ್ಯಾಕ ಕೆಂಪಗಾದ್ರಿ ಬಾಯಾರ?”

ಬಿಸಿಲಿಗೆ. ನವೆಂಬರಿನಲ್ಲೂ ಈ ಊರಲ್ಲಿ ಬಿಸಿಲು ಹೆಚ್ಚು.

ಲೆಕ್ಕ ಕೊಡುವ ಬದಲಿಗೆ ನನ್ನನ್ನೇ ಕೇಳಿದ: ಎಷ್ಟು ಊರು ತಿರುಗಿದಿರಿ, ಊಟ ಎಲ್ಲಿ ಮಾಡುತ್ತೀರಿ, ಮಂದಿ ಬಯ್ಯುವುದಿಲ್ಲವೇ. ಅನುಮಾನಾಸ್ಪದ ವ್ಯಕ್ತಿಗಳು ಹೀಗೆಯೇ ಮಾತು ತಿರುಗಿಸುತ್ತಾರೆ. ಎಲ್ಲಕ್ಕೂ ಉತ್ತರ ಕೊಟ್ಟೆ, ಅವನಿಗೆ ಗುಮಾನಿ ಬರಬಾರದು ಅಂತ. ಯಲವಿಗಿ ಸ್ಟೇಷನ್ನಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದು, ನಮೂನೆಗಳ ಕಟ್ಟು ಅದರ ಮೇಲೆಯೇ ಎಸೆದದ್ದು ಎಲ್ಲ ಹೇಳಿದೆ. ಹೊಸೆಯುವ ಹಗ್ಗ ಕೈಬಿಟ್ಟು ನಕ್ಕ. ನಾಲ್ಕರ ಬಸ್ಸು ತಪ್ಪಿ ಆರರದ್ದಕ್ಕೆ ಬಂದೆ.

ನವೆಂಬರ್ 19, ಬುಧವಾರ

ಅವ್ವ ಕೇಳಿದಳು: “ಆ ಉಳವಪ್ಪ ಅನ್ನಾಂವ ಹೆಂಗದಾನ?”

“ಕಳ್ಳ ಅನಸ್ತೈತಿ.”

“ಹೂಂ. ನಿನ್ನಿಯಿಂದ ಆ ಕಳ್ಳನ ಸುದ್ದಿ ಹದಿನಾರು ಸಲ ಹೇಳಿದಿ.”

ಅವ್ವ ಎಣಿಸುತ್ತ ಕೂತಿದ್ದಾಳೆ ಅಂದರೆ ಅವಳ ಮೇಲೂ ಒಂದು ಕಣ್ಣಿಡಬೇಕು.

ನವೆಂಬರ್ 22, ಶನಿವಾರ

ಇವತ್ತು ಎಲ್ಲ ತಿಳಿಯಿತು. ಒಂದೊಂದಾಗಿ ಬರೆಯುತ್ತೇನೆ.

ಉಳವಪ್ಪನ ಸಹಿ ಒಂದು ಕಡೆ ಸರಿಯಾಗಿ ಮೂಡಿರಲಿಲ್ಲ. ಅದಕ್ಕೆಂದೇ ಹೋದದ್ದು, ಬೇರೆ ಕಾರಣವಿಲ್ಲ. ಇಳಿಯುವಾಗ ಆಕಾಶ ಕಪ್ಪಾಗಿತ್ತು. ಮನೆಯಲ್ಲಿ ಇರಲಿಲ್ಲ. ಕಣದ ಕಡೆ ಹೋಗಿರಬೇಕು ಅಂದರು. ಅವನಿಗೆಲ್ಲಿಯ ಕಣ ಅಂದುಕೊಳ್ಳುತ್ತ ಹೋದೆ.

ಲೋಹಿತ ತೋರಿಸಿದ್ದ ಕಣ. ಅಂಚಿನಿಂದ ಅಂಚಿಗೆ ಗೋವಿನಜೋಳ. ಸಾಲು ಕಲ್ಲಿಟ್ಟು ಹನ್ನೊಂದೋ ಹನ್ನೆರಡೋ ಪಾಲು ಮಾಡಿದ್ದಾರೆ. ಹನಿ ಬಿದ್ದದ್ದೇ ತಡ, ಊರೆಲ್ಲ ಓಡಿ ಬಂತು. ಹೊನ್ನವ್ವ ಸೆರಗು ಕಟ್ಟಿ ಕಾಳು ಬಳಿಯುತ್ತಿದ್ದಳು. ಇಸ್ತ್ರಿ ಹುಡುಗರು ಬನಿಯನ್ನಿನಲ್ಲಿದ್ದರು. ಉಳವಪ್ಪ ತಾಡಪತ್ರಿ ಬಿಚ್ಚುತ್ತಿದ್ದ, ಅವೇ ಐದು. ನನ್ನನ್ನು ನೋಡಿ ಆಶ್ಚರ್ಯಪಡಲೂ ಇಲ್ಲ.

“ಆ ತುದಿ ಹಿಡೀರಿ ಬಾಯಾರ! ಎಳೀರಿ! ನಿಮ್ಮ ಕಡೆ ಎಳೀರಿ!”

ಎಳೆದೆ. ಗಾಳಿ ಬಂದು ತಾಡಪತ್ರಿ ಹಾಯಿಯ ಹಾಗೆ ಉಬ್ಬಿತು. ನಾನು ಅದರ ಮೇಲೆ ಕೂತುಬಿಟ್ಟೆ. ಬಿ.ಎ. ಪದವಿ ಇದ್ದದ್ದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ತೂಕ ಬಂತು. ಮಳೆ ಹತ್ತು ನಿಮಿಷ ಹೊಡೆದು ನಿಂತಿತು. ಕಾಳು ಒಂದೂ ತೋಯಲಿಲ್ಲ. ಉಳವಪ್ಪ ಕೈಕೊಟ್ಟು ಎಬ್ಬಿಸಿದ. ಕೈ ಒರಟು.

ಬಸ್ ಸ್ಟಾಪಿನಲ್ಲಿ ಜನ್ನತಬಿಯ ಮಿರ್ಚಿ ಅಂಗಡಿ. ತೊಯ್ದು ತೊಪ್ಪೆಯಾದವಳಿಗೆ ಟವೆಲ್ಲು ಕೊಟ್ಟಳು, ಬಿಸಿ ಮಿರ್ಚಿ ಕೊಟ್ಟಳು, ಆಮೇಲೆ ಕೇಳಿದಳು.

“ಬಾಯಾರ, ಇಷ್ಟು ಸಲ ಬಂದ್ರಿ. ಯಾವ ಹುಡುಗನ್ನ ಆರಿಸಿದ್ರಿ?”

“ಯಾವ ಹುಡುಗ?”

“ಅಯ್, ನಮ್ಮ ಮುಂದ್ಯಾಕ ಮುಚ್ತೀರಿ. ಹೆಣ್ಣ ಯಾರದು, ನಿಮ್ಮ ಅಕ್ಕನ ಮಗಳೇನು?”

ಕಚ್ಚಿದ ಮಿರ್ಚಿ ಕೆಳಗಿಟ್ಟು ಎಲ್ಲ ಬಿಡಿಸಿ ಕೇಳಿದೆ. ಊರಲ್ಲಿ ಮದುವೆಯಾಗದ ಹುಡುಗರು ಹನ್ನೊಂದು ಮಂದಿ. ಮೂರು ವರ್ಷದಿಂದ ಒಂದು ಹೆಣ್ಣಿನ ಕಡೆಯವರೂ ಈ ಬಸ್ಸು ಇಳಿದಿಲ್ಲ. ಅಂಥದ್ದರಲ್ಲಿ ಹಾನಗಲ್ಲಿನಿಂದ ಒಬ್ಬ ಹೆಂಗಸು, ತಮ್ಮ ತಾಲೂಕಿನವಳೇ, ಚೀಲ ಹಾಕಿಕೊಂಡು ಬಂದು ಹೊಲ ಎಷ್ಟು, ಮನೆ ಎಂಥದು, ಹೋದ ವರ್ಷ ಹೊಸದೇನು ಕಟ್ಟಿಸಿದಿರಿ, ಮದುವೆಯಾಗದವರು ಯಾರು ಅಂತ ಕೇಳಿದರೆ? ಮನೆ ನೋಡಲು ಬಂದವಳು ಅಂದುಕೊಂಡಿದ್ದಾರೆ! ಸರ್ವೆ ಅನ್ನುವುದು ನೆಪ, ಹೆಣ್ಣಿನವರು ಈಗ ಹಾಗೇ ಗುಟ್ಟಾಗಿ ಬರುತ್ತಾರೆ ಅಂತ ಹೊನ್ನವ್ವ ಮನೆಮನೆಗೆ ಹೇಳಿಟ್ಟಿದ್ದಳಂತೆ.

“ಮತ್ತ ಆ ಕಣ?” ಅಂದೆ. “ಹನ್ನೊಂದು ಕಣ?”

“ಎಲ್ಲಿ ಹನ್ನೊಂದು? ಇರೂದ ಅದೊಂದು. ಉಳವಪ್ಪಂದು. ಕಬ್ಬಿನ ರೊಕ್ಕ ಪೂರಾ ಅದಕ್ಕ ಸುರವಿದ. ಸಿಮೆಂಟು, ಫರಸಿ, ಗೌಂಡಿ ಪಗಾರ ಎಲ್ಲಾ ಅವಂದ. ಊರ ಮಂದಿ ಕೂಲಿ ತಗೊಳ್ಳದ ಮುಯ್ಯಿಗೆ ಕೈ ಹಚ್ಚಿದ್ರು. ಈಗ ಎಲ್ಲಾರೂ ಅಲ್ಲೇ ಒಣಗಸ್ತಾರ, ಬಾಡಗಿ ಇಲ್ಲ ಏನಿಲ್ಲ.”

“ನನ್ನ ಮುಂದ ಯಾಕ ಹೇಳಲಿಲ್ಲ ಅಂವ?”

“ಹುಡುಗರು ತಮ್ಮದು ಅಂತ ತೋರಿಸಿದ ಮ್ಯಾಲ ನಂದು ಅಂತ ಅಂವ ಹೆಂಗ ಅಂತಾನ್ರಿ? ಅವರಿಗೆ ಬರೂ ಹೆಣ್ಣ ತಪ್ಪತಿರಲಿಲ್ಲೇನು?”

ಅಂದರೆ ಹನ್ನೊಂದು ಮನೆಯವರು ಇಲ್ಲದ್ದನ್ನು ಇದೆ ಅಂದರು, ಅವನೊಬ್ಬ ಇದ್ದದ್ದನ್ನು ಇಲ್ಲ ಅಂದ. ನಾನು ಹನ್ನೊಂದನ್ನು ನಂಬಿ ಅವನನ್ನು ಹಿಂಬಾಲಿಸಿದೆ. ಮಟಕಾ ಆಡುತ್ತೀರಾ ಅಂತ ಕೇಳಿದೆ.

ಟಿಕ್ ಹಾಕಿದ ಕೈ ಯಾರದು ಅಂತ ಜನ್ನತಬಿ ಕೇಳಲಿಲ್ಲ. ಅಷ್ಟರಲ್ಲಿ ಬಸ್ಸೂ ಬಂತು.

ನವೆಂಬರ್ 24, ಸೋಮವಾರ

ಹಾವೇರಿ. ಶ್ರೀಪಾದ ಸರ್ ಪೂರ್ತಿ ಕೇಳಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗೆ ನಿಲ್ಲಿಸಿ ದನಿ ಮೆತ್ತಗೆ ಮಾಡಿದರು. ಭಯ ಆದದ್ದು ಆಗ.

“ನೋಡ್ರಿ, ಸಸಾರ ಅದ. ಹತ್ತು ನಮೂನಿಯೊಳಗ ಕಣ ತಗದು ಬ್ಯಾರೆ ಬರೀರಿ. ಆ ಲೋಹಿತನ ಹೆಸರಿಗೆ ಒಂದು ಇರಲಿ, ನೀವು ನೋಡಿದ್ದು ಅದನ್ನ. ಹದಿನಾಲ್ಕಕ್ಕ ಬರ್ತದ, ಸವಣೂರಿನಷ್ಟ. ಯಾರೂ ಏನೂ ಕೇಳೂದಿಲ್ಲ.”

“ಉಳವಪ್ಪ ಅನ್ನವರದು?”

“ಸೊನ್ನೆ ಅದ ಅಲ್ಲ? ಇರಲಿ. ‘ಉಳಿಕೆ ಹಣದ ಲೆಕ್ಕ ಸಿಗಲಿಲ್ಲ’ ಅಂತ ಷರಾ ಹಾಕ್ರಿ.”

“ಇದ್ದದ್ದು ಇದ್ದಂಗ ಬರದ್ರ?”

“ಬರದ್ರ ಹನ್ನೊಂದು ಟಿಕ್ ಸುಳ್ಳು ಅಂತ ನೀವ ಬರಕೊಟ್ಟಂಗ. ನೋಡದ ನೋಡೇನಿ ಅಂದವರನ್ನ ಮುಂದಿನ ಸುತ್ತಿಗೆ ತಗೊಳ್ಳೂ ಹಂಗಿಲ್ಲ. ಆ ನಿಯಮ ನಾ ಮಾಡಿದ್ದಲ್ಲ ಶೀಲಾ ಅವರ.”

ನನಗೆ ಒಳ್ಳೆಯದನ್ನು ಬಯಸುವ ಮೇಲಧಿಕಾರಿ. ಯಾಕಿರಬಹುದು? ನಲವತ್ತೊಂದು ಅವರ ಕೈಯಿಂದಲೂ ದಾಟಿ ಹೋಗಿತ್ತಲ್ಲ, ಅದಕ್ಕಿರಬೇಕು.

ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿದೆ. ಸಸಾರದ ದಾರಿಯೇ ಸರಿ. ಅವ್ವನ ಗುಳಿಗೆ ಡಬ್ಬಿ ಕಣ್ಣ ಮುಂದೆ ಬಂತು. ಅದು ಖಾಲಿಯಾದರೆ ತುಂಬಲಿಕ್ಕೆ ಯಾವ ಷರಾ ಸಾಲುತ್ತದೆ.

ನವೆಂಬರ್ 25, ಮಂಗಳವಾರ

ಹತ್ತು ನಮೂನೆ ಬೇರೆ ಬರೆದೆ. ಬೇಗ ಆಯಿತು.

ಹನ್ನೊಂದನೆಯದಾಗಿ ಉಳವಪ್ಪನದು. ಷರಾ: ‘ಸದರಿ ಕುಟುಂಬದ ಆದಾಯದ ಶೇಕಡಾ ಅರವತ್ತು ಎಲ್ಲಿ ವಿನಿಯೋಗವಾಗಿದೆ ಎಂದು ತಿಳಿದುಬಂದಿಲ್ಲ.’

ಓದಿದೆ. ಕುಡುಕನ ಬಗ್ಗೆ ಬರೆದ ಹಾಗಿದೆ.

ಹರಿದೆ. ಮತ್ತೆ ಬರೆದೆ. ಮತ್ತೆ ಹರಿದೆ. ಅವ್ವ ಒಳಗಿನಿಂದ, “ಕಾಗದ ಪುಕ್ಕಟೆ ಬರತಾವೇನವಾ?” ಅಂದಳು.

ನವೆಂಬರ್ 26, ಬುಧವಾರ

ಉಳವಪ್ಪನ ಎದುರು ನಮೂನೆ ಇಟ್ಟೆ.

“ಎಲ್ಲಾ ಗೊತ್ತಾಗೇತಿ. ಕಣ ನಿಮ್ಮದು ಅಂತ ಬರದು ಸಹಿ ಮಾಡ್ರಿ.”

“ಜನ್ನತಬಿ ಬಾಯಿ ಬಿಟ್ಟಾಳ,” ಅಂದ. “ಇರಲಿ ಬಿಡ್ರಿ ಬಾಯಾರ. ಸೊನ್ನೆ ಇದ್ರ ಏನಾತು? ಕಣ ಅಂತೂ ಐತಲ್ಲ.”

“ನಾಲ್ಕು ತಾಲೂಕು ತಿರಗೇನಿ. ದುಡದ ನೂರರಾಗ ಅರವತ್ತು ಹಾಕಿದ ಮನಿ ಇದೊಂದ. ಅದನ್ನ ಎಲ್ಲೋ ಹಾಳಾತು ಅಂತ ಬರೀಲೇನು ನಾನು?”

ದನಿ ಏರಿತ್ತು. ಎಮ್ಮೆ ತಿರುಗಿ ನೋಡಿತು.

“ಯಾಕ ಕಟ್ಟಿಸಿದ್ರಿ, ಅದನ್ನರ ಹೇಳ್ರಿ.”

“ರಸ್ತೆ ಮ್ಯಾಲ ಒಣಗಿಸಿದ್ರ ಗಾಡಿ ಬಂದಾಗೊಮ್ಮೆ ಎದ್ದು ಸರೀಬೇಕ್ರಿ. ಮೊಣಕಾಲು ಹಿಡಕೋತಾವ.” ಎಮ್ಮೆಗೆ ಒಂದು ಹಿಡಿ ಮೇವು ಹಾಕಿದ. “ಕೂಡಿಟ್ಟು ಯಾರಿಗೆ ಕೊಡೂದು. ಮಂದಿ ಬಂದು ಹೋಗಿ ಮಾಡೂವಂಥಾದ್ದು ಒಂದಿರಲಿ ಅನಸ್ತು. ಸುಗ್ಗಿ ಎರಡು ತಿಂಗಳು ನನ್ನ ಸುತ್ತ ಮಾತಿರತಾವ.”

ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

“ಸಹಿ ಮಾಡ್ತೇನಿ,” ಅಂದ. “ಆದರ ನನ್ನ ರೊಕ್ಕ ಬರದ್ರ ಅವರ ಕೈನೂ ಬರೀರಿ. ಆ ಹುಡುಗರು ಒಂಬತ್ತು ಒಂಬತ್ತು ದಿನ ಕಲ್ಲು ಹೊತ್ತಾರ. ಅವರ ಮನ್ಯಾವರು ನಮ್ಮದು ಅಂದದ್ದು ಪೂರಾ ಸುಳ್ಳಲ್ಲ.”

ನಮೂನೆಯ ಕೊನೆಗೆ ಅದಕ್ಕೊಂದು ಕಾಲಂ ಇದೆ, ಸ್ವಂತ ಹಾಗೂ ಪರಸ್ಪರ ದುಡಿಮೆಯಿಂದ ಕಟ್ಟಿದ್ದು. ನಾಲ್ಕು ತಾಲೂಕಿನಲ್ಲಿ ನಾನು ಒಂದು ಸಲವೂ ತುಂಬಿರಲಿಲ್ಲ. ಕೇಳಿರಲೇ ಇಲ್ಲ.

“ಇದರಿಂದ ನಿಮಗೇನರ ತ್ರಾಸ ಐತೇನು?” ಅಂತ ಕೇಳಿದ.

“ಏನಿಲ್ಲ.”

ಮುಖ ನೋಡಿದ. “ಸುಳ್ಳು ಹೇಳೂದು ನೀವು ನಮ್ಮೂರ ಹುಡುಗರ ಕಡೆ ಕಲೀಬೇಕು.”

ಆಮೇಲೆ ಹನ್ನೊಂದು ಮನೆ. ಹೆಣ್ಣು ನೋಡುವ ಗಂಡಿನ ಎದೆಗಿಂತ ಜೋರಾಗಿ ನನ್ನದು ಹೊಡೆದುಕೊಳ್ಳುತ್ತಿತ್ತು. ಹೊನ್ನವ್ವ ಕುರ್ಚಿ ಒರೆಸಿದಳು. ಕೂರಲಿಲ್ಲ.

“ಅಜ್ಜಿ, ನಾ ಬಂದದ್ದು ಖರೇನ ಸರ್ವೆಕ್ಕ.”

“ಹಂಗಾರ ಹೆಣ್ಣಿಲ್ಲೇನು?”

“ಇಲ್ರಿ.”

“ಒಂದೂ?”

“ಒಂದೂ ಇಲ್ಲ.”

“ಮತ್ತ ಅಷ್ಟು ಚಾ ಯಾಕ ಕುಡದ್ರಿ?”

ಈ ಸುತ್ತಿನಲ್ಲಿ ನನ್ನನ್ನು ಕೇಳಿದ ಅತಿ ಕಠಿಣ ಪ್ರಶ್ನೆ. ಲೋಹಿತ ಮಾತ್ರ ಒಳಗಿನಿಂದ ಬಂದು, “ಬರೀರಿ ಬಾಯಾರ, ಒಂಬತ್ತು ದಿನ. ಹತ್ತನೇ ದಿನ ಜ್ವರ ಇತ್ತು,” ಅಂದ. ಬೇರೆ ಮನೆಗಳಲ್ಲೂ ಹಾಗೆಯೇ ಬರೆದುಕೊಂಡೆ. ಎಲ್ಲ ಕಡೆ ಒಂಬತ್ತೇ. ಒಬ್ಬನೂ ಒಂದು ದಿನ ಹೆಚ್ಚು ಹೇಳಲಿಲ್ಲ. ಗೋಡಂಬಿಯೂ ಇರಲಿಲ್ಲ, ಚಹಾವೂ ಇರಲಿಲ್ಲ.

ನವೆಂಬರ್ 28, ಶುಕ್ರವಾರ

ಹಾವೇರಿಗೆ ಹೋಗಿ ಕೊಟ್ಟೆ. ಕಣ ಬಿಟ್ಟು ಬೇರೆಯದಕ್ಕೆ ಹೂಡಿದ್ದು ಆರು ಲಕ್ಷ ಅರವತ್ತು ಸಾವಿರ, ಕಣಕ್ಕೆ ಉಳವಪ್ಪನವರದು ಮೂರು ಲಕ್ಷ ಹತ್ತು, ಊರಿನ ಕೈಯದು ನಲವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಇಪ್ಪತ್ತನಾಲ್ಕು ಮನೆ ಸೇರಿ ಅರವತ್ತು ಲಕ್ಷ ದುಡಿಯುವ ಊರಿಗೆ ಇದು ಶೇಕಡಾ ಹದಿನಾರು ಪಾಯಿಂಟ್ ಎಂಟು. ನಾಲ್ಕು ತಾಲೂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಮತ್ತು ನಿಜ.

ಜೊತೆಗೆ ಒಂದು ಕಾಗದ: ಹನ್ನೊಂದು ಕಡೆ ನೋಡದೆ ಟಿಕ್ ಹಾಕಿದ್ದೇನೆ, ತಪ್ಪು ನನ್ನದು, ಊರಿನವರದ್ದಲ್ಲ.

ಶ್ರೀಪಾದ ಸರ್ ಎರಡು ಸಲ ಓದಿದರು. “ನಾ ಸಸಾರ ಹಾದಿ ತೋರಿಸಿದ್ದೆ.”

“ಹೌದು ಸರ್.”

“ಆ ಉಳವಪ್ಪ ನಿಮಗೇನರ ಸಂಬಂಧೀನೇನು?”

“ಇಲ್ಲ ಸರ್.”

“ಹಂಗ ಬರದೀರಿ, ಅದಕ್ಕ ಕೇಳಿದೆ.”

ಲೆಕ್ಕವನ್ನು ಹಂಗೆ ಹಿಂಗೆ ಬರೆಯಲು ಬರುತ್ತದೆಯೇ? ಈ ಮನುಷ್ಯನಿಗೆ ಎಲ್ಲದರಲ್ಲೂ ಅನುಮಾನ.

ಡಿಸೆಂಬರ್ 4, ಗುರುವಾರ

ಫೋನು ಬಂತು. ಬಿಲ್ವಿಕೊಪ್ಪ ಒಪ್ಪಿದ್ದಾರೆ. ನಾಲ್ಕೂ ತಾಲೂಕಿನ ಕೆಲಸ ಉಳಿಯಿತು, ದುಡ್ಡು ಬರುತ್ತದೆ. ಮುಂದಿನ ಸುತ್ತಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ಅವ್ವನಿಗೆ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. “ಟ್ಯೂಷನ್ ಹೇಳು. ಓಣ್ಯಾಗ ಹುಡುಗರಿಗೇನು ಬರ,” ಅಂದಳು, ಅಷ್ಟೆ. ಮೊದಲೇ ತಯಾರಾಗಿದ್ದವರ ಹಾಗೆ.

ಡಿಸೆಂಬರ್ 9, ಮಂಗಳವಾರ

ಮಧ್ಯಾಹ್ನದ ಬಸ್ಸು ಹತ್ತಿದೆ. ಸರ್ವೆ ಮುಗಿಯಿತಲ್ಲ ಅಂದಳು ಅವ್ವ. ಛತ್ರಿ ಅಲ್ಲೇ ಬಿಟ್ಟು ಬಂದಿದ್ದೇನೆ ಅಂದೆ. ಛತ್ರಿ ಅವಳ ತಲೆಯ ಮೇಲೇ ಗೂಟಕ್ಕೆ ತೂಗುತ್ತಿತ್ತು. ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು, “ಲಗೂ ಬಾ” ಅಂತ ಕೂಡ ಅನ್ನಲಿಲ್ಲ.

ಚೀಲದಲ್ಲಿ ನಮೂನೆ ಇರಲಿಲ್ಲ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಗುಮಾನಿ.

ಕಣದಲ್ಲಿ ಉಳವಪ್ಪನವರು ಒಬ್ಬರೇ ಇದ್ದರು. ಉಳಿದವರ ಕಾಳು ಹೋಗಿದೆ, ಅವರದೇ ಕೊನೆಗೆ. ಬುಟ್ಟಿಯಲ್ಲಿ ಎತ್ತಿ ಚೀಲಕ್ಕೆ ಸುರಿಯಲು ಹೋಗುತ್ತಾರೆ, ಚೀಲ ಬಾಯಿ ಮುಚ್ಚುತ್ತದೆ. ಒಂದು ಕೈಯಲ್ಲಿ ಆಗುವ ಕೆಲಸವಲ್ಲ.

“ಬರ್ರಿ ಬಾಯಾರ. ಇನ್ನ ಏನ ಕೇಳೂದು ಉಳದೈತಿ?”

“ಏನೂ ಇಲ್ರಿ.”

“ಸಹಿ?”

“ಅದೂ ಇಲ್ಲ. ಕೆಲಸ ಹೋತು.”

ಬುಟ್ಟಿ ಕೆಳಗಿಟ್ಟರು. ಯಾಕೆ ಅಂತ ಕೇಳಲಿಲ್ಲ. ಗೊತ್ತಾಯಿತು ಅಂತ ಕಾಣುತ್ತದೆ. ನಾನೂ ಬಂದದ್ದು ಯಾಕೆ ಅಂತ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಖಾಲಿ ಚೀಲದ ಅಂಚನ್ನು ನನ್ನ ಕಡೆ ಚಾಚಿದರು.

“ಹಂಗಾರ ಇಷ್ಟು ಹಿಡೀರಿ.”

ಹಿಡಿದೆ. ಅವರು ಸುರಿದರು. ಬಿಸಿಲಿಗೆ ಕಾಯ್ದ ಕಾಳು ಬೆಚ್ಚಗಿತ್ತು, ಧೂಳು ಮೂಗಿಗೆ ಬಂತು, ಸೀನಿದೆ, ನಕ್ಕರು.

“ಬಿಗಿ ಹಿಡೀರಿ.”

“ಹಿಡದೇನಿ.”

ಒಂದು ತುಂಬಿತು, ಇನ್ನೊಂದು ಹಿಡಿದೆ, ಮತ್ತೊಂದು. ನಾಲ್ಕರ ಬಸ್ಸು ಹೋದದ್ದು ಕಾಣಿಸಿತು. ಆಮೇಲೆ ಕೊನೆಯ ಬಸ್ಸು, ಆರರದ್ದೂ ಊರೊಳಗೆ ಹಾರ್ನ್ ಹೊಡೆಯಿತು. ಕೈ ಬಿಡಲು ಬರುವಂತಿರಲಿಲ್ಲ. ಬಿಟ್ಟಿದ್ದರೆ ಕಾಳು ಚೆಲ್ಲುತ್ತಿತ್ತು.